ಮೂಡು ಎಂದದ್ದು ಯಾರು

ರಾಯಕೋಟೆ
10 ಜೂನ್ 2024

ಕಲ್ಪನಾಳಿಗೆ ಅಂಬರೀಶ್ ಚಿಕ್ಕಪ್ಪನ ಆಶೀರ್ವಾದಗಳು.

ನನ್ನ ಹೆಸರು ನೋಡಿದ ಕೂಡಲೇ ಹರಿದು ಹಾಕಬೇಡಮ್ಮ, ಕೊನೆಯವರೆಗೆ ಓದು. ನಾನೀಗ ಕುಡಿತ ಬಿಡಿಸುವ ಮನೆಯೊಂದರಲ್ಲಿದ್ದೇನೆ. ರಾಯಕೋಟೆ ದಾಟಿ ಕೃಷ್ಣಗಿರಿ ಕಡೆಗೆ ಬಂದರೆ ರಸ್ತೆಯಿಂದ ಸ್ವಲ್ಪ ಒಳಗೆ. ಬಂದ ದಿನವೇ ಫೋನ್ ಕಿತ್ತಿಟ್ಟುಕೊಂಡರು. ಕಾಗದ ಎಷ್ಟು ಬೇಕಾದರೂ ಬರೆಯಬಹುದಂತೆ. ಶಾಲೆ ಬಿಟ್ಟ ಮೇಲೆ ನಾನು ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು, ನಗಬೇಡ.

ಇಲ್ಲಿ ನಮ್ಮನ್ನು ಕೂರಿಸಿಕೊಂಡು ಮಾತಾಡಿಸುವ ಮೇಡಂ ಒಬ್ಬರಿದ್ದಾರೆ. ನಿಮ್ಮ ಕುಡಿತದಿಂದ ಯಾರಿಗೆ ನೋವಾಯಿತೋ ಅವರಿಗೆ ಬರೆಯಿರಿ, ನಡೆದದ್ದನ್ನೆಲ್ಲ ಬರೆಯಿರಿ ಎಂದರು. ಉಳಿದವರೆಲ್ಲ ಹೆಂಡತಿಗೆ ಬರೆದರು. ನನ್ನವಳು ಬಿಟ್ಟುಹೋಗಿ ಆರು ವರ್ಷವಾಯಿತು, ವಿಳಾಸವೂ ಗೊತ್ತಿಲ್ಲ. ನಿನಗೆ ಬರೆಯುತ್ತಿದ್ದೇನೆ. ನಿಮಗೆ ನೋವಾದದ್ದು ಕುಡಿತದಿಂದಲ್ಲ, ಮಾತಿನ ತಪ್ಪಿನಿಂದ ಎಂದು ಮೇಡಂಗೂ ಹೇಳಿದ್ದೇನೆ.

ಫೆಬ್ರವರಿ ಒಂಬತ್ತು, ಶುಕ್ರವಾರ. ಪ್ರೇಮಿಗಳ ದಿನಕ್ಕೆ ಗುಲಾಬಿ ಕಳಿಸುವ ಗಡಿಬಿಡಿ, ಹೂವಿನ ತೋಟದಲ್ಲಿ ಯಾರಿಗೂ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ನಿಮ್ಮಪ್ಪ ಮುನಿಯಲ್ಲಣ್ಣ ದೊಡ್ಡ ಸಂಪಿನೊಳಗೆ ಇಳಿದು ತಳದ ಕೆಸರು ಬಾಚುತ್ತಿದ್ದ. ನಾನು ಮೇಲೆ, ನಾಲ್ಕು ವಾಲ್ವುಗಳ ಹತ್ತಿರ. ಆ ವಾಲ್ವುಗಳನ್ನು ಕೂರಿಸಿದವನು ಕುಪ್ಪಂ ಕಡೆಯ ತೆಲುಗಿನವನು. ಅವನು ಕರೆದ ಹೆಸರೇ ಉಳಿದುಕೊಂಡಿದೆ: ಒಕಟಿ, ರೆಂಡು, ಮೂಡು, ನಾಲುಗು. ತಮಿಳರೂ ಹಾಗೇ ಕರೆಯುತ್ತಾರೆ, ನಾವೂ ಹಾಗೇ. ಮೂಡು ಎಂದರೆ ಮೂರನೆಯದು, ಸಂಪಿನೊಳಕ್ಕೆ ನೀರು ಬಿಡುವುದು. ಒಳಗಿನಿಂದ ಅಣ್ಣ "ಮೂಡು, ಮೂಡು" ಎಂದು ಕೂಗಿದ. ನಾನು ಮೂರನೆಯದನ್ನು ತೆರೆದೆ. ಅವನು ಕೂಗಿದ್ದು ತಮಿಳಿನ ಮೂಡು. ಮುಚ್ಚು ಎಂದು. ಎಲ್ಲೋ ನೀರು ಜಿನುಗುತ್ತಿತ್ತೇನೋ. ನೀರು ನುಗ್ಗಿದ ರಭಸಕ್ಕೆ ಅವನ ತಲೆ ಗೋಡೆಗೆ ಬಡಿಯಿತು, ಅಲ್ಲಿಗೆ ಮುಗಿದುಹೋಯಿತು.

ಕುಡಿದಿದ್ದೆ, ಇಲ್ಲ ಎನ್ನುವುದಿಲ್ಲ. ಆದರೆ ಕುಡಿಯದವನಿಗೂ ಆ ಮಾತು ಹಾಗೇ ಕೇಳಿಸುತ್ತಿತ್ತು ಎಂದು ಮ್ಯಾನೇಜರ್ ಉಮಾಶಂಕರ್ ಸಾರ್ ಪೊಲೀಸರ ಮುಂದೆಯೇ ಹೇಳಿದರಲ್ಲ.

ಇಲ್ಲಿ ಒಂದು ತಮಾಷೆಯಿದೆ. ಸ್ನಾನದ ಮನೆಯಲ್ಲಿ ಸಾಲಾಗಿ ಐದು ನಲ್ಲಿಗಳಿವೆ. ದಿನಾ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಮೋಟರ್ ನಿಲ್ಲಿಸುತ್ತಾರೆ. ಆಗ ಪೈಪಿನೊಳಗೆ ಗಾಳಿ ಎಳೆದುಕೊಂಡು ಮೂರನೆಯ ನಲ್ಲಿಯಿಂದ ಒಂದು ದನಿ ಬರುತ್ತದೆ: ಮೂಡು. ನಾನು ನಕ್ಕುಬಿಡುತ್ತೇನೆ.

ಅತ್ತಿಗೆ ಹೇಗಿದ್ದಾರೆ? ನನ್ನ ಮೇಲೆ ಕೋಪವಿಲ್ಲ ಎಂದು ಅವರ ಬಾಯಿಂದ ಒಂದು ಮಾತು ಹೇಳಿಸಿ ಬರೆ. ಅಷ್ಟು ಸಾಕು ನನಗೆ.

ಅಂಬರೀಶ್


ಮೂಕಂಡಪಲ್ಲಿ
21 ಜೂನ್ 2024

ಶ್ರೀ ಅಂಬರೀಶ್ ಅವರಿಗೆ,

ನಿಮ್ಮ ಕಾಗದ ಬಂತು. ಹರಿಯಲಿಲ್ಲ. ಒತ್ತಕ್ಷರ ಎರಡು ಕಡೆ ತಪ್ಪಿದೆ, ಅಷ್ಟು ಬಿಟ್ಟರೆ ಅಕ್ಷರ ಚೆನ್ನಾಗಿದೆ. ಮೂರನೇ ತರಗತಿಗೆ ಕನ್ನಡ ಕಲಿಸುವವಳು ನಾನು, ಕಾಗದ ಕೈಗೆ ಬಂದರೆ ಕೆಂಪು ಪೆನ್ನು ತಾನಾಗಿ ಏಳುತ್ತದೆ.

ಅಮ್ಮನ ಬಾಯಿಂದ ಒಂದು ಮಾತು ಹೇಳಿಸಿ ಬರೆಯಬೇಕು ಎಂದಿದ್ದೀರಿ. ಅದು ಆಗುವುದಿಲ್ಲ.

ನೀವು ಬರೆದದ್ದನ್ನು ಉಮಾಶಂಕರ್ ಅವರ ಬಾಯಿಂದಲೂ ಕೇಳಿದ್ದೇನೆ, ಊರಿನವರ ಬಾಯಿಂದಲೂ ಕೇಳಿದ್ದೇನೆ. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತ ಒಬ್ಬಾಕೆ, ನಾನು ಯಾರೆಂದು ತಿಳಿಯದೆ, "ಅವನ ಬಾಯೇ ಅವನ್ನ ತಿಂದ್ಬುಡ್ತು" ಎಂದಳು. ಅಂದರೆ ಈಗ ತಪ್ಪು ಮಾಡಿದವರು ಅಪ್ಪ. ಯಾವ ಭಾಷೆಯಲ್ಲಿ ಕೂಗಬೇಕೆಂದು ತಿಳಿಯದೆ ಸತ್ತವರು.

ನನಗೆ ಎರಡು ವಿಷಯ ತಿಳಿಯಬೇಕು. ಅಪ್ಪ ಎಷ್ಟು ಸಲ ಕೂಗಿದರು? ಇಪ್ಪತ್ತು ವರ್ಷ ನಿಮ್ಮ ಜೊತೆ ಕೆಲಸ ಮಾಡಿದರಲ್ಲ, ಒಂದು ದಿನವಾದರೂ ನಿಮ್ಮೊಂದಿಗೆ ತಮಿಳಿನಲ್ಲಿ ಮಾತಾಡಿದ್ದರೇ? ಸಂತೆಯಲ್ಲಿ ತಮಿಳು, ಟೊಮ್ಯಾಟೊ ಮಂಡಿಯಲ್ಲಿ ತೆಲುಗು ಆಡುತ್ತಿದ್ದರು, ನಿಜ. ನಮ್ಮನೆ ಜಗುಲಿಯಲ್ಲಿ ನೀವಿಬ್ಬರೂ ಕೂತು ಆಡಿದ ಹರಟೆ ನನ್ನ ಕಿವಿಯಲ್ಲಿದೆ. ಅದರಲ್ಲಿ ಕನ್ನಡ ಬಿಟ್ಟು ಬೇರೆ ಮಾತು ನನಗೆ ನೆನಪಿಲ್ಲ.

ನಲ್ಲಿ ಮಾತಾಡುತ್ತದೆ ಎಂದು ಬರೆದಿದ್ದೀರಿ. ಅಲ್ಲಿಯೂ ನಿಮಗೆ ಹೇಗೋ ಬ್ರಾಂದಿ ಪ್ಯಾಕೆಟ್ ಸಿಗುತ್ತಿದೆ ಎಂದು ಕಾಣುತ್ತದೆ. ಸಿಗುತ್ತಿದ್ದರೆ ನನಗೆ ಬರೆಯುವ ಶ್ರಮ ತೆಗೆದುಕೊಳ್ಳಬೇಡಿ.

ಕಲ್ಪನಾ


ರಾಯಕೋಟೆ
1 ಜುಲೈ 2024

ಕಲ್ಪನಾ,

ನಿನ್ನ ಕಾಗದ ಓದಿ ಎರಡು ಹೊತ್ತು ಊಟ ಮಾಡಲಿಲ್ಲ. ಎತ್ತಿ ಆಡಿಸಿದ ಮಗು ನನ್ನನ್ನು "ಶ್ರೀ" ಎಂದು ಕರೆದಿದೆ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಬಂದ ದಿನದಿಂದ ಒಂದು ಹನಿ ಮುಟ್ಟಿಲ್ಲ. ಬೇಕಾದರೆ ಮೇಡಂ ಕೈಯಲ್ಲಿ ಬರೆಸಿ ಕಳಿಸುತ್ತೇನೆ.

ಎಷ್ಟು ಸಲ ಕೂಗಿದ ಎಂದರೆ ಏನು ಹೇಳಲಿ? ನಾಲ್ಕೋ ಐದೋ. ಲೆಕ್ಕವಿಟ್ಟುಕೊಳ್ಳುವ ಹೊತ್ತೇ ಅದು? ಇನ್ನು ತಮಿಳಿನ ಮಾತು. ಅತ್ತಿಗೆ ಕಾವೇರಿಪಟ್ಟಣದವರು, ನಿಮ್ಮ ಮನೆಯೊಳಗೆ ತಮಿಳು ಇದ್ದೇ ಇದೆ. ದಿನಕ್ಕೆ ಹತ್ತು ಸಲ "ಕದವೆ ಮೂಡು, ಕದವೆ ಮೂಡು" ಎಂದು ಅವರು ಕೂಗುವುದನ್ನು ನಾನೇ ಕೇಳಿದ್ದೇನೆ. ಹೆಂಡತಿಯ ಮಾತು ಗಂಡನ ಬಾಯಿಗೆ ಅಂಟದೆ ಇರುತ್ತದೆಯೇ? ಪ್ರಾಣಕ್ಕೆ ಬಂದಾಗ ಅದೇ ಬಂದಿದೆ. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದಾಗ ಅತ್ತಿಗೆಯ ಪಕ್ಕದಲ್ಲಿ ಕೂತು ಇದನ್ನೇ ಹೇಳಿ ಸಮಾಧಾನ ಮಾಡಿದೆ. "ನಿಮ್ ಮಾತೇ ಅತ್ತಿಗೆ ಅಣ್ಣನ್ ಬಾಯಾಗೆ ಬಂದಿದ್ದು, ಯಾರ್ದೂ ತಪ್ಪಿಲ್ಲ, ಅಂಗೇ ಬರ್ದಿತ್ತು" ಎಂದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಅವರಿಗಿಲ್ಲದ ಅನುಮಾನ ನಿನಗೇಕೆ?

ನಲ್ಲಿಯ ವಿಷಯ ಬರೆಯಬಾರದೆಂದುಕೊಂಡಿದ್ದೆ, ಆದರೆ ನಗು ನಿಂತುಹೋಗಿದೆ. ಕಳೆದ ವಾರ ಮೂರನೆಯ ನಲ್ಲಿಯ ಬಾಯಿಗೆ ಬಟ್ಟೆ ತುರುಕಿದೆ. ಹನ್ನೊಂದೂ ಹತ್ತಕ್ಕೆ ದನಿ ಪಕ್ಕದ ಖಾಲಿ ಬಕೆಟ್ಟಿನೊಳಗಿನಿಂದ ಬಂತು. ಬಕೆಟ್ಟನ್ನು ಕವುಚಿ ಹಾಕಿದೆ. ಮಾರನೆಯ ದಿನ ನಾನು ಮುಖ ತೊಳೆಯಲು ಬೊಗಸೆಯಲ್ಲಿ ಹಿಡಿದ ನೀರಿನಿಂದಲೇ ಬಂತು, ಕಿವಿಗೆ ಅಷ್ಟು ಹತ್ತಿರ. ಈಗ ಒಂದೇ ಮಾತಲ್ಲ, ಅದರ ಹಿಂದೆ ಇನ್ನೊಂದು ಮಾತಿದೆ. ನನ್ನ ಕೋಣೆಯಲ್ಲಿ ಬೀರೇಶ್ ಎಂಬವನಿದ್ದಾನೆ, ಜೂಜುವಾಡಿಯಲ್ಲಿ ಲಾರಿ ಟೈರಿಗೆ ಪಂಕ್ಚರ್ ಹಾಕುವವನು. ಅವನನ್ನು ಕರೆದು ನಿಲ್ಲಿಸಿದೆ. "ಏನೂ ಕೇಳ್ಸಲ್ಲ ಕಣಣ್ಣ, ಗಾಳಿ ಅಷ್ಟೇ" ಎಂದ. ಗಾಳಿಯ ವಿಷಯ ಅವನಿಗೆ ಗೊತ್ತಿರಬೇಕಲ್ಲ, ಅದಕ್ಕೇ ಧೈರ್ಯ ತಂದುಕೊಂಡಿದ್ದೇನೆ.

ಬೇಗ ಬರೆ.

ನಿನ್ನ ಚಿಕ್ಕಪ್ಪ


ಮೂಕಂಡಪಲ್ಲಿ
29 ಜುಲೈ 2024

ಅಂಬರೀಶ್ ಅವರಿಗೆ,

ತಡವಾಯಿತು. ನಿಮ್ಮ ಕಾಗದ ಓದಿದ ಮೇಲೆ ಪೆನ್ನು ಹಿಡಿಯಲು ಆಗಲಿಲ್ಲ. ಹನ್ನೊಂದನೇ ದಿನ ಅಮ್ಮನ ಪಕ್ಕದಲ್ಲಿ ಕೂತು ನೀವು ಏನು ಹೇಳಿದಿರಿ ಎಂದು ನನಗೆ ಈಗಲೇ ಗೊತ್ತಾದದ್ದು.

ನಾನು ಬಚ್ಚಿಟ್ಟದ್ದನ್ನು ಈಗ ಹೇಳುತ್ತೇನೆ. ಅಮ್ಮ ಅವತ್ತಿನಿಂದ ಮಾತಾಡಿಲ್ಲ. ಒಂದು ಮಾತೂ ಇಲ್ಲ, ಕನ್ನಡವೂ ಇಲ್ಲ, ತಮಿಳೂ ಇಲ್ಲ. ಹೊಸೂರಿನ ಡಾಕ್ಟರು ಗಂಟಲಿಗೇನೂ ಆಗಿಲ್ಲ ಎಂದರು. ದುಃಖಕ್ಕೆ ಹೀಗಾಗಿದೆ ಎಂದುಕೊಂಡಿದ್ದೆ. ದುಃಖವಲ್ಲ. ತನ್ನ ಮಾತು ಗಂಡನನ್ನು ಕೊಂದಿತು ಎಂದು ತಿಳಿದು ಬಾಯಿ ಕಟ್ಟಿಕೊಂಡಿದ್ದಾಳೆ. ನೀವು ಸಮಾಧಾನ ಹೇಳಿ ಎದ್ದುಹೋದಿರಿ, ಅವಳು ಅಲ್ಲೇ ಕೂತಿದ್ದಾಳೆ.

ಮಾತಿನ ಬದಲು ಅವಳು ಮುಚ್ಚುತ್ತಾಳೆ. ಪಾತ್ರೆಗಳಿಗೆ ತಟ್ಟೆ, ತಟ್ಟೆಯ ಮೇಲೆ ಇನ್ನೊಂದು ತಟ್ಟೆ. ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟುತ್ತಾಳೆ. ನನ್ನ ಇಂಕಿನ ಬಾಟಲಿ, ಉಪ್ಪಿನ ಜಾಡಿ, ಗೋಡೆಯ ಪ್ಲಗ್ಗಿನ ತೂತು, ಇಲಿಬಿಲ ಎಲ್ಲವನ್ನೂ. ನಾನು ಆಕಳಿಸಿದರೆ ಎಲ್ಲಿದ್ದರೂ ಎದ್ದು ಬಂದು ನನ್ನ ಬಾಯಿಗೆ ಅಂಗೈ ಒತ್ತುತ್ತಾಳೆ. ಆ ಕೈ ತಣ್ಣಗಿರುತ್ತದೆ. ನನ್ನ ತಾಯಿಯ ಕೈಗೆ ನಾನು ಹೆದರುತ್ತಿದ್ದೇನೆ ಎಂದು ಯಾರಿಗೆ ಹೇಳಲಿ?

ಹೋದ ಶನಿವಾರ ಶಾಲೆಗೆ ರಜ. ಹನ್ನೊಂದರ ಹೊತ್ತಿಗೆ ಅಮ್ಮ ಎದ್ದು ಹಿತ್ತಿಲಿಗೆ ಹೋದಳು. ಅಲ್ಲಿನ ನಲ್ಲಿಯಲ್ಲಿ ನೀರು ಬರುವುದು ಬೆಳಿಗ್ಗೆ ಆರಕ್ಕೆ ಮಾತ್ರ. ಒಣಗಿದ ನಲ್ಲಿಯ ಬಾಯಿಗೆ ಅಂಗೈ ಒತ್ತಿ ನಿಂತಳು, ಒಳಗಿನಿಂದ ಬರುತ್ತಿರುವುದನ್ನು ತಡೆಯುವವಳ ಹಾಗೆ. ಹೋಗಿ ಕೈ ಬಿಡಿಸಿದೆ. ಬಿಸಿಲು ಚುರುಗುಡುತ್ತಿತ್ತು, ಎದುರು ಮನೆಯವರು ಮೆಣಸಿನಕಾಯಿ ಒಣಗಿಸುತ್ತಿದ್ದರು. ನಾನು ಬಗ್ಗಿ ನಲ್ಲಿಗೆ ಕಿವಿಯಿಟ್ಟೆ. ಗಡಿಯಾರ ನೋಡಿದೆ. ಹನ್ನೊಂದೂ ಹತ್ತು.

ಏನು ಕೇಳಿಸಿತು ಎಂದು ಈಗ ಬರೆಯುವುದಿಲ್ಲ. ನಿಮ್ಮ ನಲ್ಲಿಯಲ್ಲಿ ಎರಡನೆಯ ಮಾತು ಯಾವುದು ಎಂದು ನೀವು ಮೊದಲು ಹೇಳಿ. ಇನ್ನೇನಾದರೂ ಕೇಳಿಸಿದ್ದರೆ ಅದನ್ನೂ ಹೇಳಿ. ನೀವು ಕುಡಿದು ಬರೆಯುತ್ತಿದ್ದೀರಿ ಎಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಕಲ್ಪನಾ


ರಾಯಕೋಟೆ
12 ಆಗಸ್ಟ್ 2024

ಕಲ್ಪನಾ,

ಅತ್ತಿಗೆ ಮಾತು ಬಿಟ್ಟದ್ದು ನನಗೆ ಗೊತ್ತಿರಲಿಲ್ಲ, ದೇವರಾಣೆಗೂ ಗೊತ್ತಿರಲಿಲ್ಲ. ನಾನು ಹೇಳಿದ್ದು ಒಳ್ಳೆಯದಕ್ಕೇ. ಯಾರ ತಪ್ಪೂ ಅಲ್ಲ ಎಂದು ಹೇಳಿದರೆ ಹಗುರಾಗುತ್ತಾರೆ ಎಂದುಕೊಂಡೆ. ನನಗಂತೂ ಹಗುರಾಗಿತ್ತು.

ಎರಡನೆಯ ಮಾತು ನನ್ನ ಹೆಸರು. "ಅಂಬ್ರೀಸ" ಎಂದು. ನನ್ನನ್ನು ಹಾಗೆ ಕರೆಯುತ್ತಿದ್ದವನು ಒಬ್ಬನೇ ಎಂದು ನಿನಗೂ ಗೊತ್ತು. ಮೊದಲ ಮಾತು ಈಗ ಸರಿಯಾಗಿ ಕೇಳಿಸುತ್ತಿಲ್ಲ, ಮೂಡು ಎಂದೇ ಇರಬೇಕು. ಆ ಹೊತ್ತಿಗೆ ನಾನು ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಾ ಕೂರುತ್ತೇನೆ.

ಇನ್ನೇನಾದರೂ ಇದ್ದರೆ ಹೇಳಿ ಎಂದಿದ್ದೀಯ. ದೊಡ್ಡದೇನಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಳಿಗೆ ಅಡ್ಡಾಗುತ್ತೇವೆ. ಆಗ ನಾನು ನಿದ್ದೆಯಲ್ಲಿ ಮಾತಾಡುತ್ತೇನಂತೆ, ಬೀರೇಶ್ ಆಡಿಕೊಂಡು ನಗುತ್ತಾನೆ. "ದಿನಾ ಅದೇ ಅಂತೀಯ ಕಣಣ್ಣ, 'ಬತ್ತೀನಿ ಇರಣ್ಣ, ಒಂದ್ನಿಮ್ಸ' ಅಂತ. ಯಾರಣ್ಣ ಅವ್ನು, ಎಲ್ಗೆ ಓಗ್ತೀಯ?" ಎಂದು ಕೇಳಿದ. ಯಾವುದೋ ಬಸ್ಸು ಹಿಡಿಯುವ ಕನಸಿರಬೇಕು. ನಗುವುದಕ್ಕಾದರೂ ಇರಲಿ ಎಂದು ಬರೆದೆ.

ನಿನಗೆ ಕೇಳಿಸಿದ್ದೇನು? ನೀನು ಹೇಳದೆ ಇದ್ದರೆ ನನಗೆ ಇನ್ನೂ ಭಯ.

ಅಂಬರೀಶ್


ಮೂಕಂಡಪಲ್ಲಿ
18 ಆಗಸ್ಟ್ 2024

ಅಂಬರೀಶ್ ಅವರಿಗೆ,

ನಿಮ್ಮ ಕಾಗದದಲ್ಲಿ ಈ ಸಲ ಒತ್ತಕ್ಷರ ತಪ್ಪಿಲ್ಲ. ಒಂದೇ ಒಂದು ವಾಕ್ಯಕ್ಕೆ ಕೆಂಪು ಗೆರೆ ಎಳೆದಿದ್ದೇನೆ.

ಮೂರನೆಯದನ್ನು ತೆರೆ ಎಂದವನಿಗೆ ನೀವು ಏನು ಹೇಳುತ್ತೀರಿ? ತೆರೆದೆ ಎನ್ನುತ್ತೀರಿ, ಆಯ್ತಣ್ಣ ಎನ್ನುತ್ತೀರಿ. "ಬತ್ತೀನಿ ಇರಣ್ಣ, ಒಂದ್ನಿಮ್ಸ" ಎಂದು ಯಾರಿಗೆ ಹೇಳುತ್ತಾರೆ? ಬೇಗ ಬಾ ಎಂದು ಅಂಗಲಾಚುತ್ತಿರುವವರಿಗೆ. ಏನು ಬೇಕೆಂದು ತಿಳಿದ ಮೇಲೆ, ತಡ ಮಾಡುವಾಗ.

ಅಪ್ಪ ಏನು ಕೂಗಿದರು? ನೀವು ಆ ಒಂದು ನಿಮಿಷ ಏನು ಮಾಡುತ್ತಿದ್ದಿರಿ?

ಅದು ಗೊತ್ತಾಗುವವರೆಗೆ ಅಮ್ಮ ಬಾಯಿ ತೆರೆಯುವುದಿಲ್ಲ. ನನಗೂ ನಿಮಗೆ ಬರೆಯಲು ಬೇರೇನೂ ಇಲ್ಲ.

ಕಲ್ಪನಾ


ರಾಯಕೋಟೆ
6 ಅಕ್ಟೋಬರ್ 2024

ಕಲ್ಪನಾ,

ಐವತ್ತು ದಿನ ಆಗುತ್ತಾ ಬಂತು. ನಿನ್ನ ಕಾಗದ ಕೈಗೆ ಬಂದ ಮಾರನೆಯ ದಿನ ಇಲ್ಲಿಂದ ಓಡಿಹೋದೆ. ಹೊಸೂರಿನಲ್ಲಿ ಬಸ್ಸಿಳಿದೆ, ನಿಮ್ಮ ಮನೆಯ ಕಡೆ ತಿರುಗಲಿಲ್ಲ. ಜೂಜುವಾಡಿಯ ಗಡಿ ದಾಟಿ ಅತ್ತಿಬೆಲೆಗೆ ನಡೆದೇ ಹೋಗಿ ಎರಡು ಪ್ಯಾಕೆಟ್ ಕೊಂಡೆ, ಒಂದು ಪ್ಲಾಸ್ಟಿಕ್ ಲೋಟ ಕೊಂಡೆ. ಗಡಿಯ ಈ ಕಡೆಗೆ ವಾಪಸ್ ಬಂದು ಲಾರಿಗಳು ನಿಲ್ಲುವಲ್ಲಿ ಒಂದು ಕಲ್ಲಿನ ಮೇಲೆ ಕೂತು ಲೋಟಕ್ಕೆ ಸುರಿದೆ. ಬಾಯಿಗಿಡುವ ಮುಂಚೆ ಒಂದು ಲಾರಿ ಪಕ್ಕದಲ್ಲೇ ಹಾದುಹೋಗಿ ಗಾಳಿ ಬೀಸಿತು. ಲೋಟ ಉರುಳದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಆಗ ಎಲ್ಲ ಕಣ್ಣಿಗೆ ಕಟ್ಟಿತು. ನೆನಪಾಯಿತು ಎಂದು ಬರೆಯಲು ಹೊರಟಿದ್ದೆ, ಅದೂ ಸುಳ್ಳೇ. ಎಲ್ಲ ಅಲ್ಲೇ ಇತ್ತು, ನಾನು ನೋಡುತ್ತಿರಲಿಲ್ಲ. ಲೋಟ ರಸ್ತೆಗೆ ಚೆಲ್ಲಿ ಇಲ್ಲಿಗೆ ವಾಪಸ್ ಬಂದೆ. ಬರೆಯಲು ಧೈರ್ಯ ಬರುವುದಕ್ಕೆ ಇಷ್ಟು ದಿನ ಹಿಡಿಯಿತು.

ಅವತ್ತು ಬೆಳಿಗ್ಗೆ ಹತ್ತಕ್ಕೆ ಸಂಪಿಗೆ ಇಳಿಯುವ ಮುಂಚೆ ಅಣ್ಣ ನನ್ನ ಭುಜ ಹಿಡಿದು ಹೇಳಿದ, "ನಾನ್ ಮೇಲಕ್ ಬರೋಗಂಟ ಮೂಡು ಮುಟ್ಬೇಡ ಕಣ್ಲಾ." ಅವತ್ತು ಅವನ ಬಾಯಿಂದ ಮೂಡು ಎಂಬ ಮಾತು ಬಂದದ್ದು ಅದೊಂದೇ ಸಲ. ಅದು ವಾಲ್ವಿನ ಹೆಸರು, ತಮಿಳಲ್ಲ.

ದಿನಾ ಹನ್ನೊಂದಕ್ಕೆ ಸಂಪಿಗೆ ನೀರು ಬಿಡುವುದು ನನ್ನ ಕೆಲಸ. ಅವತ್ತೂ ಹನ್ನೊಂದು ಹೊಡೆದ ಮೇಲೆ ತೆರೆದೆ. ಯಾರೂ ತೆರೆ ಎಂದು ಕೂಗಲಿಲ್ಲ. ಅಣ್ಣ ಒಳಗಿದ್ದಾನೆ ಎನ್ನುವುದು ಕುಡಿದ ತಲೆಗೆ ಇರಲಿಲ್ಲ. ತೆರೆದು ಕೂತು ಎರಡನೆಯ ಪ್ಯಾಕೆಟ್ ಲೋಟಕ್ಕೆ ಸುರಿದುಕೊಂಡೆ.

ಆಗ ಅಣ್ಣ ನೀರಿನ ರಭಸಕ್ಕೆ ಮೇಲೆ ಹತ್ತಲಾಗದೆ ಕೂಗಿದ. "ಮುಚ್ಚೋ, ಅಂಬ್ರೀಸ, ಮುಚ್ಚ್ಲಾ!" ನಮ್ಮ ಜಗುಲಿಯ ಕನ್ನಡ. ನನಗೆ ಕೇಳಿಸಿತು. ಅರ್ಥವೂ ಆಯಿತು. ಆ ಚಕ್ರ ಬಿಗಿ, ತಿರುಗಿಸಲು ಎರಡೂ ಕೈ ಬೇಕು. ಕೈಯಲ್ಲಿ ತುಂಬಿದ ಲೋಟವಿತ್ತು. ಹಗುರ ಲೋಟ, ಕೆಳಗಿಟ್ಟರೆ ಗಾಳಿಗೆ ಉರುಳುತ್ತಿತ್ತು. "ಬತ್ತೀನಿ ಇರಣ್ಣ, ಒಂದ್ನಿಮ್ಸ" ಎಂದೆ. ಕುಡಿದೆ. ಗಟಗಟ ಎಂದು ಕೂಡ ಅಲ್ಲ ಕಲ್ಪನಾ, ಗುಟುಕು ಗುಟುಕಾಗಿ. ಅವನು ಏಳು ಸಲ ಕೂಗಿದ. ನೀನು ಕೇಳಿದಾಗ ನಾಲ್ಕೋ ಐದೋ ಎಂದು ಬರೆದೆ, ಏಳು ಎಂದು ಆಗಲೂ ಗೊತ್ತಿತ್ತು. ಲೋಟ ಖಾಲಿ ಮಾಡಿ ಚಕ್ರ ತಿರುಗಿಸಿದಾಗ ಹನ್ನೊಂದೂ ಹತ್ತು. ಕೂಗು ನಿಂತಿತ್ತು.

ಉಮಾಶಂಕರ್ ಸಾರ್ ಓಡಿ ಬಂದು "ಏನ್ಲಾ, ಏನು?" ಎಂದರು. ಯಾವ ವಾಲ್ವು ಎಂದು ಕೇಳಿದರು ಎಂದುಕೊಂಡು "ಮೂಡು" ಎಂದೆ. ಅಣ್ಣ ಕೂಗಿದ ಮಾತೇ ಅದು ಎಂದು ತಿಳಿದು ಅವರು ತಲೆಗೆ ಕೈಯಿಟ್ಟು, "ಅಯ್ಯೋ, ಅವ್ನು ತಮಿಳಾಗೆ ಮುಚ್ಚು ಅಂದವ್ನೆ, ನೀನು ಮೂರ್ನೇದು ಅಂದ್ಕೊಂಡ್ಬುಟ್ಟೆ" ಎಂದರು. ಕಥೆ ತಾನಾಗಿ ಕೈಗೆ ಬಂತು. ನಾನು ಹೌದೆಂದು ತಲೆಯಾಡಿಸಿದೆ. ಆಮೇಲೆ ಅದನ್ನೇ ಹೇಳಿ ಹೇಳಿ ನನಗೂ ಹಾಗೇ ಕೇಳಿಸತೊಡಗಿತು.

ಕುಡಿದಿದ್ದೆ, ಮೈಮೇಲೆ ಎಚ್ಚರವಿರಲಿಲ್ಲ ಎಂದು ಹೇಳಿಬಿಡಬಹುದು. ಇಲ್ಲಿ ಎಲ್ಲರೂ ಹಾಗೇ ಶುರು ಮಾಡುತ್ತಾರೆ. ಆದರೆ ಮೊದಲ ಪ್ಯಾಕೆಟ್ಟನ್ನು ಹರಿದದ್ದು ಕುಡಿಯದ ಕೈ. ಬೆಳಿಗ್ಗೆ ಎಂಟಕ್ಕೆ, ಅಣ್ಣ ಇವತ್ತು ಸಂಪಿಗೆ ಇಳಿಯುತ್ತಾನೆ ಎಂದು ಗೊತ್ತಿದ್ದೂ ಹರಿದೆ. ನಾನೇ ಕೊಂದೆ.

ಅತ್ತಿಗೆಗೆ ಇದನ್ನು ಓದಿ ಹೇಳು. ಅವರ ಮಾತು ಅಣ್ಣನ ಬಾಯಲ್ಲಿರಲಿಲ್ಲ. ಇದರ ಜೊತೆ ಸಹಿ ಮಾಡಿದ ಇನ್ನೊಂದು ಪ್ರತಿ ಇಟ್ಟಿದ್ದೇನೆ, ಪೊಲೀಸರಿಗೆ ಕೊಡು. ಮೇಡಂಗೂ ಹೇಳಿದ್ದೇನೆ. ಈಗ ನಲ್ಲಿಯಲ್ಲಿ ಮೂಡು ಎಂದು ಕೇಳಿಸುವುದಿಲ್ಲ. ಮುಚ್ಚು ಎಂದೇ ಕೇಳಿಸುತ್ತದೆ, ಸ್ಪಷ್ಟವಾಗಿ. ಅಡುಗೆಮನೆಗೆ ಓಡುವುದನ್ನು ಬಿಟ್ಟು ಏಳು ಸಲವೂ ನಿಂತು ಕೇಳುತ್ತೇನೆ.

ಅಂಬರೀಶ್


ಮೂಕಂಡಪಲ್ಲಿ
20 ಅಕ್ಟೋಬರ್ 2024

ಚಿಕ್ಕಪ್ಪ,

ನಿಮ್ಮ ಕಾಗದವನ್ನು ಅಮ್ಮನಿಗೆ ಇವತ್ತು ಬೆಳಿಗ್ಗೆ ಓದಿ ಹೇಳಿದೆ. ಒಂದು ವಾರ ಬಚ್ಚಿಟ್ಟುಕೊಂಡಿದ್ದೆ, ಲೋಟದ ಭಾಗ ಬಾಯಿಬಿಟ್ಟು ಓದಲು ನನಗೇ ಆಗುತ್ತಿರಲಿಲ್ಲ. ಅಮ್ಮ ಕಣ್ಣು ಮಿಟುಕಿಸದೆ ಕೇಳಿದಳು. ಮುಚ್ಚೋ ಅಂಬ್ರೀಸ ಎನ್ನುವ ಕಡೆ ಬೆರಳೆತ್ತಿ ಇನ್ನೊಂದು ಸಲ ಓದು ಎಂದು ಸನ್ನೆ ಮಾಡಿದಳು. ಓದಿದೆ. ಮತ್ತೆ ಸನ್ನೆ ಮಾಡಿದಳು. ನಾಲ್ಕು ಸಲ ಓದಿದೆ.

ಹೊರಗೆ ಮಳೆ ಬರುವ ಮುಂಚಿನ ಗಾಳಿ ಎದ್ದು ಬಾಗಿಲು ಪಟಪಟ ಬಡಿಯುತ್ತಿತ್ತು. ಅಮ್ಮ ಅತ್ತ ತಿರುಗಿ, "ಕಲ್ಪನಾ, ಕದವೆ ಮೂಡು" ಎಂದಳು.

ಎಂಟು ತಿಂಗಳ ಮೇಲೆ ಬಂದ ದನಿ, ತುಕ್ಕು ಹಿಡಿದಂತಿತ್ತು. ಬಾಗಿಲು ಮುಚ್ಚಿ ಬಂದು ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತೆ. ಅವಳು ಅಳಲಿಲ್ಲ. ಎದ್ದು ಹೋಗಿ ಪಾತ್ರೆಗಳ ಮೇಲಿನ ತಟ್ಟೆಗಳನ್ನು ಒಂದೊಂದಾಗಿ ತೆಗೆದಿಟ್ಟಳು, ಬಿಂದಿಗೆಯ ಬಾಯಿಯ ಬಟ್ಟೆ ಬಿಚ್ಚಿದಳು.

ಕ್ಷಮಿಸಿದಳೇ ಎಂದು ನೀವು ಕೇಳುವಿರಿ. ಅದನ್ನು ಅವಳು ಹೇಳಿಲ್ಲ. ನಾನೂ ಕ್ಷಮಿಸಿಲ್ಲ. ನಿಮ್ಮ ಸಹಿಯಿರುವ ಪ್ರತಿಯನ್ನು ನಾಳೆ ಸೋಮವಾರ ಠಾಣೆಗೆ ಕೊಡುತ್ತೇನೆ.

ಜುಲೈನಲ್ಲಿ ನಲ್ಲಿಗೆ ಕಿವಿಯಿಟ್ಟಾಗ ನನಗೆ ಕೇಳಿಸಿದ್ದೇನು ಎಂದು ಕೇಳಿದ್ದಿರಿ. ನಿಮ್ಮ ಕಡೆ ಅಪ್ಪ ಕೂಗುತ್ತಿದ್ದಾರೆ, ಇಲ್ಲಿ ಅಪ್ಪನ ದನಿ ಒಂದು ದಿನವೂ ಇರಲಿಲ್ಲ. ಇಲ್ಲಿರುವುದು ನಿಮ್ಮ ದನಿ. ಕುಡಿದಾಗ ಮಾತು ಎಳೆಯುತ್ತೀರಲ್ಲ, ಆ ದನಿ. "ಬತ್ತೀನಿ ಇರಣ್ಣ, ಒಂದ್ನಿಮ್ಸ." ಬೀರೇಶ್ ಹೇಳಿದ ತಮಾಷೆಯನ್ನು ನೀವು ಬರೆಯುವ ಹದಿನಾರು ದಿನ ಮುಂಚೆಯೇ ನಾನದನ್ನು ಕೇಳಿದ್ದೆ. ಅದಕ್ಕೇ ಇನ್ನೇನಾದರೂ ಇದ್ದರೆ ಹೇಳಿ ಎಂದು ಬರೆದೆ.

ಎಲ್ಲವನ್ನೂ ಒಪ್ಪಿಕೊಂಡಿರಿ, ಇನ್ನು ನಿಲ್ಲಬಹುದು ಎಂದುಕೊಂಡಿದ್ದೆ. ನಿಂತಿಲ್ಲ. ಇವತ್ತೂ ಹನ್ನೊಂದೂ ಹತ್ತಕ್ಕೆ ಕೇಳಿಸಿತು. ಅಮ್ಮ ಈ ಸಲ ಅಂಗೈ ಒತ್ತಲಿಲ್ಲ. "ಬತ್ತೀನಿ ಅಂದೋನು ಬಂದೇ ಇಲ್ವಲ್ಲ" ಎಂದಳು. ನಲ್ಲಿಯ ಪಕ್ಕಕ್ಕೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಾಳೆ. ಮಳೆ ಶುರುವಾಗಿದೆ, ಒಳಗೆ ಬಾ ಎಂದರೆ ಬರುತ್ತಿಲ್ಲ.

ಬನ್ನಿ, ಚಿಕ್ಕಪ್ಪ.

ಕಲ್ಪನಾ